ಮಹತ್ವಾಕಾಂಕ್ಷೆಯ ಸಾಕ್ಷಿಗಳು: ಮೂರು ಚಲಚ್ಚಿತ್ರಗಳಲ್ಲಿ ಮೈತ್ರಿ ಮತ್ತು ನಿರ್ದೇಶನರೀತಿ

೧

ಮಹತ್ವಾಕಾಂಕ್ಷೆಯುಳ್ಳ ಪುರುಷನ ಕಥೆಯನ್ನು ಹೇಳುವ ಕೃತಿಗಳಲ್ಲಿ ಶತ್ರುವಿನ ಪಾತ್ರಕ್ಕಿಂತ ಮಿತ್ರನ ಪಾತ್ರವನ್ನು ನಿರ್ವಹಿಸುವುದು ಕಷ್ಟತರವಾದುದು. ಶತ್ರುವು ಹೊರಗಿನಿಂದ ಬರುವವನು. ಅವನನ್ನು ಗೆಲ್ಲುವುದರಿಂದಾಗಲಿ ಅವನಿಗೆ ಸೋಲುವುದರಿಂದಾಗಲಿ ನಾಯಕನ ಬಲಾಬಲಗಳು ಮಾತ್ರ ಗೊತ್ತಾಗುತ್ತವೆ. ಮಿತ್ರನಾದರೋ ನಾಯಕನು ಏನೂ ಆಗಿರದಿದ್ದ ಕಾಲದಿಂದ ಅವನನ್ನು ಬಲ್ಲವನು. ಅವನು ಏನಾಗಬೇಕೆಂದು ಹೊರಟನು, ಕಡೆಗೆ ಏನಾದನು ಎಂಬೆರಡನ್ನೂ ಹತ್ತಿರ ನಿಂತು ಕಂಡವನು. ಆದುದರಿಂದ ನಾಯಕನ ಏಳಿಗೆಗೆ ಲೋಕವು ಕಟ್ಟುವ ಬೆಲೆ ಒಂದಾದರೆ, ಮಿತ್ರನ ಮನಸ್ಸಿನಲ್ಲಿ ನಿಲ್ಲುವ ಬೆಲೆ ಇನ್ನೊಂದು. ಈ ಎರಡರ ನಡುವಣ ಅಂತರವೇ ಇಂತಹ ಕಥೆಗಳ ನಿಜವಾದ ವಸ್ತು.

ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಭಾರತಕಥೆಯಲ್ಲಿ ಇದರ ಎರಡು ಮೂಲರೂಪಗಳು ದೊರೆಯುತ್ತವೆ. ಒಂದು ದ್ರೋಣ ದ್ರುಪದರ ಕಥೆ: ಒಟ್ಟಿಗೆ ಕಲಿತ ಗೆಳೆಯರಲ್ಲಿ ಒಬ್ಬನು ಅರಸನಾದ ಮೇಲೆ, ಬಡವನಾಗಿ ಬಂದ ಇನ್ನೊಬ್ಬನ ಗೆಳೆತನವನ್ನೇ ಅಲ್ಲಗಳೆದನು. ಇನ್ನೊಂದು ಕರ್ಣ ದುರ್ಯೋಧನರದು: ತನ್ನ ಹುಟ್ಟಿನ ನಿಜವು ತಿಳಿದ ಮೇಲೂ, ತಾನು ನಿಂತ ಪಕ್ಷಕ್ಕೆ ಸೋಲು ತಪ್ಪದೆಂದು ಅರಿವಾದ ಮೇಲೂ, ಕರ್ಣನು ಗೆಳೆಯನ ಕೈಬಿಡಲಿಲ್ಲ. ಮೊದಲನೆಯದರಲ್ಲಿ ಏಳಿಗೆಯು ಮೈತ್ರಿಯನ್ನು ಅಳಿಸಿತು. ಎರಡನೆಯದರಲ್ಲಿ ಮೈತ್ರಿಯು ಧರ್ಮಾಧರ್ಮಗಳ ವಿಚಾರವನ್ನೇ ಮೀರಿ ನಿಂತಿತು. ಪಂಪನು ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನನ್ನು ನಾಯಕನನ್ನಾಗಿ ಇರಿಸಿಕೊಂಡೂ ಕರ್ಣನಿಗೆ ಸಲ್ಲಿಸಿದ ಗೌರವವನ್ನು ನೆನೆದರೆ, ಎರಡನೆಯ ಮಾದರಿಗೆ ಕನ್ನಡಿಗರ ಮನಸ್ಸಿನಲ್ಲಿ ಎಂತಹ ಸ್ಥಾನವುಂಟೆಂಬುದು ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಚಲಚ್ಚಿತ್ರಕಲೆಯು ಇದೇ ಸಮಸ್ಯೆಯನ್ನು ತನ್ನದಾದ ಸಾಧನಗಳಿಂದ ಹೇಗೆ ಎದುರಿಸಿತೆಂಬುದನ್ನು ಮೂರು ಕೃತಿಗಳ ಮೂಲಕ ಪರಿಶೀಲಿಸಬಹುದು. ಅವು, ೧೯೪೧ರಲ್ಲಿ ಅಮೆರಿಕೆಯಲ್ಲಿ ಆರ್ಸನ್ ವೆಲ್ಸ್ ನಿರ್ದೇಶಿಸಿದ 'ಸಿಟಿಜನ್ ಕೇನ್'. ೧೯೪೯ರಲ್ಲಿ ಇಂಗ್ಲೆಂಡಿನ ಕ್ಯಾರಲ್ ರೀಡ್ ನಿರ್ದೇಶಿಸಿದ 'ದಿ ಥರ್ಡ್ ಮ್ಯಾನ್'. ೧೯೬೬ರಲ್ಲಿ ಸತ್ಯಜಿತ್ ರಾಯ್ ಅವರು ಬಂಗಾಳಿಯಲ್ಲಿ ನಿರ್ದೇಶಿಸಿದ 'ನಾಯಕ್'. ಇವುಗಳನ್ನು ಒಟ್ಟಿಗಿಡುವುದಕ್ಕೆ ಹೊರಗಣ ಕಾರಣವೊಂದು, ಒಳಗಣ ಕಾರಣವೊಂದು ಇವೆ. ಮೊದಲ ಎರಡು ಚಿತ್ರಗಳಲ್ಲಿ ಗೆಳೆಯರ ಪಾತ್ರಗಳನ್ನು ವಹಿಸಿದವರು ಅದೇ ಇಬ್ಬರು ನಟರು. ಎರಡರಲ್ಲಿಯೂ ಮೇಲೇರುವವನು ವೆಲ್ಸ್, ನೋಡುತ್ತ ನಿಲ್ಲುವವನು ಜೋಸೆಫ್ ಕಾಟನ್. ಇದು ಹೊರಗಣ ಕಾರಣ. ಒಳಗಣ ಕಾರಣವು ಇದಕ್ಕಿಂತ ಮುಖ್ಯವಾದುದು: ಮೂರರಲ್ಲಿಯೂ ಸಾಕ್ಷಿಯ ಸ್ಥಾನದಲ್ಲಿರುವವರು ಬರಹದಿಂದ ಬದುಕುವವರು. 'ಕೇನ್'ನ ಲೇಲೆಂಡ್ ನಾಟಕವಿಮರ್ಶಕ. 'ಥರ್ಡ್ ಮ್ಯಾನ್'ನ ಹಾಲಿ ಮಾರ್ಟಿನ್ಸ್ ಅಗ್ಗದ ಕಾದಂಬರಿಗಳನ್ನು ಬರೆಯುವವನು. 'ನಾಯಕ್'ನ ಅದಿತಿ ಒಂದು ಮಹಿಳಾಪತ್ರಿಕೆಯ ಸಂಪಾದಕಿ. ತಾವು ಹತ್ತಿರದಿಂದ ಬಲ್ಲ ಮನುಷ್ಯನ ವಿಷಯವಾಗಿ ತಾವು ಕಂಡ ಸತ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆಯು ಮೂವರ ಮುಂದೆಯೂ ಬಂದು ನಿಲ್ಲುತ್ತದೆ. ಈ ಪ್ರಶ್ನೆಗೆ ಪ್ರತಿಯೊಬ್ಬ ನಿರ್ದೇಶಕನೂ ಕೊಟ್ಟ ಉತ್ತರವು ಅವನ ರೀತಿಯಿಂದ ಬೇರೆಯಾದುದಲ್ಲವೆಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

೨

'ಸಿಟಿಜನ್ ಕೇನ್' ಚಿತ್ರವನ್ನು ನಿರ್ದೇಶಿಸಿದಾಗ ವೆಲ್ಸ್‌ನಿಗೆ ಇಪ್ಪತ್ತೈದು ವರ್ಷ. ಪತ್ರಿಕೆಗಳ ಒಡೆಯನಾದ ಚಾರ್ಲ್ಸ್ ಫಾಸ್ಟರ್ ಕೇನ್ ಎಂಬವನು ತನ್ನ ಬೃಹದ್ಭವನದಲ್ಲಿ ಒಂಟಿಯಾಗಿ ಸಾಯುವುದರೊಡನೆ ಕಥೆಯು ಪ್ರಾರಂಭವಾಗುತ್ತದೆ. ಅವನ ಕೊನೆಯ ಮಾತಿನ ಅರ್ಥವನ್ನು ಹುಡುಕಿಕೊಂಡು ಒಬ್ಬ ವರದಿಗಾರನು ಅವನನ್ನು ಬಲ್ಲವರ ಬಳಿಗೆ ಹೋಗುತ್ತಾನೆ. ಪೋಷಕನಾಗಿದ್ದ ಥ್ಯಾಚರನ ಆತ್ಮಕಥೆ, ಕಾರ್ಯನಿರ್ವಾಹಕನಾಗಿದ್ದ ಬರ್ನ್‌ಸ್ಟೀನನ ನೆನಪು, ಗೆಳೆಯನಾದ ಲೇಲೆಂಡನ ನೆನಪು, ಎರಡನೆಯ ಹೆಂಡತಿಯಾದ ಸೂಸನಳ ಮಾತು, ಮನೆಯ ಪರಿಚಾರಕನ ಮಾತು, ಹೀಗೆ ಐದು ಬಾಯಿಗಳಿಂದ ಒಬ್ಬನ ಚರಿತ್ರೆಯು ಹೊರಡುತ್ತದೆ. ಇವರಲ್ಲಿ ಬರ್ನ್‌ಸ್ಟೀನನು ಕೇನನನ್ನು ಪ್ರೀತಿಸುವನು, ಆದರೆ ತೂಗಿನೋಡುವುದಿಲ್ಲ; ಥ್ಯಾಚರನು ತೂಗುವನು, ಪ್ರೀತಿಸುವುದಿಲ್ಲ. ಎರಡನ್ನೂ ಮಾಡುವವನು ಲೇಲೆಂಡ್ ಒಬ್ಬನೇ.

ಕೇನನು 'ಇನ್‌ಕ್ವೈರರ್' ಪತ್ರಿಕೆಯನ್ನು ಕೈಗೆ ತೆಗೆದುಕೊಂಡ ಹೊಸತರಲ್ಲಿ, ಓದುಗರಿಗೆ ಸತ್ಯವಾದ ಸುದ್ದಿಯನ್ನೇ ಕೊಡುವೆನೆಂದೂ ಬಡವರ ಹಕ್ಕುಗಳಿಗಾಗಿ ಹೋರಾಡುವೆನೆಂದೂ ಒಂದು ಪ್ರತಿಜ್ಞಾಪತ್ರವನ್ನು ಬರೆಯುತ್ತಾನೆ. ಆ ಹಾಳೆಯನ್ನು ತಾನು ಇಟ್ಟುಕೊಳ್ಳುವೆನೆಂದು ಲೇಲೆಂಡನು ಬೇಡಿ ಪಡೆಯುತ್ತಾನೆ. ಮುಂದೆ ಅದಕ್ಕೆ ಬೆಲೆ ಬಂದೀತೆಂಬುದು ಅವನ ಎಣಿಕೆ. ಪ್ರತಿಜ್ಞೆಯನ್ನು ಓದುವ ಕೇನನ ಮುಖವು ಆ ಹೊತ್ತಿನಲ್ಲಿ ನೆರಳಿನಲ್ಲಿ ಮುಳುಗಿರುವುದು. ಮಾತು ಬೆಳಕಿನ ವಿಷಯವಾಗಿದೆ, ಮುಖವು ಕತ್ತಲೆಯಲ್ಲಿದೆ. ಪಾತ್ರಗಳಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ಆಲಂಕಾರಿಕರು ಧ್ವನಿಯೆಂದು ಕರೆದ ವ್ಯಾಪಾರವು ಇಲ್ಲಿ ಶಬ್ದದಿಂದಲ್ಲ, ಬೆಳಕಿನ ಹಂಚಿಕೆಯಿಂದ ನಡೆದಿದೆ.

ಗವರ್ನರನ ಪದವಿಗಾಗಿ ನಡೆದ ಚುನಾವಣೆಯಲ್ಲಿ ಕೇನನು ಸೋತ ರಾತ್ರಿ ಲೇಲೆಂಡನು ಕುಡಿದು ಬಂದು ಅವನನ್ನು ಎದುರಿಸುತ್ತಾನೆ. ಜನರ ಹಕ್ಕುಗಳನ್ನು ಕೇನನು ತನ್ನ ಕೊಡುಗೆಯೆಂಬಂತೆ ಮಾತನಾಡುವನೆಂದೂ, ಪ್ರೀತಿಯೆಂಬುದು ಅವನಿಗೆ ಬೇಕಾದುದು ತನ್ನ ಷರತ್ತುಗಳ ಮೇಲೆ ಮಾತ್ರವೆಂದೂ ಲೇಲೆಂಡನ ಆಕ್ಷೇಪ. ಈ ಸಂದರ್ಭದಲ್ಲಿ ಯಂತ್ರವನ್ನು ನೆಲಮಟ್ಟದಲ್ಲಿ ಇರಿಸಿ ಮೇಲುಮುಖವಾಗಿ ಚಿತ್ರಿಸಿದೆ. ಅದಕ್ಕಾಗಿ ನೆಲವನ್ನೇ ಅಗೆಯಬೇಕಾಯಿತು. ಸೋತವನ ಆಕಾರವು ಪರ್ವತದಂತೆ ಎದ್ದು ಕಾಣುತ್ತದೆ. ಅದೇ ಕಾಲದಲ್ಲಿ ತಲೆಯ ಮೇಲೆ ಛಾವಣಿಯು ಕವಿದು ನಿಂತಿರುತ್ತದೆ. ಗಾತ್ರವು ಬೆಳೆದಷ್ಟೂ ಅವಕಾಶವು ಕುಗ್ಗಿತೆಂಬ ಅರ್ಥವು ಹೇಳದೆಯೇ ಹೊಳೆಯುತ್ತದೆ.

ಚಿತ್ರದ ಹೃದಯವೆನ್ನಬಹುದಾದ ಸನ್ನಿವೇಶವು ಇದಾದ ಮೇಲೆ ಬರುತ್ತದೆ. ಸೂಸನಳಿಗೆ ಹಾಡುವ ಶಕ್ತಿಯು ಅಲ್ಪ. ಕೇನನು ಅವಳಿಗಾಗಿ ಷಿಕಾಗೊ ನಗರದಲ್ಲಿ ಸಂಗೀತನಾಟಕದ ಮಂದಿರವನ್ನೇ ಕಟ್ಟಿಸಿದ್ದಾನೆ. ಮೊದಲನೆಯ ಪ್ರದರ್ಶನದ ವಿಮರ್ಶೆಯನ್ನು ಕೇನನ ಪತ್ರಿಕೆಗೇ ಬರೆಯಬೇಕಾದವನು ಲೇಲೆಂಡ್. ಅವನು ಕಟುವಾಗಿ ಬರೆಯಲು ತೊಡಗಿ, ಕುಡಿದು, ಬೆರಳಚ್ಚಿನ ಯಂತ್ರದ ಮೇಲೆಯೇ ಒರಗಿ ನಿದ್ದೆಹೋಗುತ್ತಾನೆ. ಕೇನನು ಬಂದು ಆ ಅರ್ಧ ವಿಮರ್ಶೆಯನ್ನು ಓದಿಸಿ ಕೇಳಿ, ನಕ್ಕು, ತಾನೇ ಕುಳಿತು ಉಳಿದ ಭಾಗವನ್ನು ಅದೇ ಕಟುತ್ವದಿಂದ ಬರೆದು ಮುಗಿಸುತ್ತಾನೆ. ಎಚ್ಚೆತ್ತ ಲೇಲೆಂಡನು ಕಚೇರಿಯ ದೂರದ ಕೊನೆಯಿಂದ ನಡೆದು ಬರುವಾಗ ಕೇನನು ತಲೆಯೆತ್ತದೆ ಅವನನ್ನು ಕೆಲಸದಿಂದ ತೆಗೆದುಹಾಕುತ್ತಾನೆ.

ಇಲ್ಲಿ ಯಾರು ಯಾರಿಗೆ ದ್ರೋಹ ಮಾಡಿದರೆಂದು ನಿರ್ಣಯಿಸುವುದು ಸುಲಭವಲ್ಲ. ಲೇಲೆಂಡನು ಸತ್ಯವನ್ನು ಕಂಡನು, ಆದರೆ ಬರೆದು ಮುಗಿಸಲಾರದೆ ಹೋದನು. ಕುಡಿತವು ಅವನಿಗೆ ಆಶ್ರಯವಾಯಿತು. ಕೇನನು ಸತ್ಯವನ್ನು ಬರೆದು ಮುಗಿಸಿದನು, ಆದರೆ ಅದರಲ್ಲಿ ಅವನಿಗೆ ಶ್ರದ್ಧೆಯಿರಲಿಲ್ಲ. ತಾನು ಪ್ರಾಮಾಣಿಕನೆಂದು ತೋರಿಸಿಕೊಳ್ಳುವ ಹಟವಿತ್ತು. ಮುಂದೆ ಲೇಲೆಂಡನಿಗೆ ಕೇನನು ಕಳುಹಿಸಿದ ೨೫,೦೦೦ ಡಾಲರುಗಳ ಚೆಕ್ಕು ಹರಿದ ತುಂಡುಗಳಾಗಿ ಹಿಂದಿರುಗುತ್ತದೆ. ಅದರ ಜೊತೆಗೆ ಆ ಹಳೆಯ ಪ್ರತಿಜ್ಞಾಪತ್ರವೂ ಬರುತ್ತದೆ. ಗೆಳೆಯನು ಇಷ್ಟು ವರ್ಷ ಕಾಪಾಡಿದ್ದು ಸಾಲದ ಪತ್ರವೆಂಬುದು ಆಗ ತಿಳಿಯುತ್ತದೆ.

ಈ ಕಥೆಗೆ ವೆಲ್ಸ್‌ನೂ ಛಾಯಾಗ್ರಾಹಕನಾದ ಗ್ರೆಗ್ ಟೋಲೆಂಡನೂ ಆರಿಸಿಕೊಂಡ ರೀತಿಯು ಆಳದ ರೀತಿ. ಹತ್ತಿರದ ವಸ್ತುವೂ ದೂರದ ವಸ್ತುವೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ತಾಯಿಯು ಒಳಗೆ ಕುಳಿತು ಮಗನನ್ನು ಪರರಿಗೆ ಒಪ್ಪಿಸುವ ಪತ್ರಕ್ಕೆ ರುಜುಹಾಕುತ್ತಿರುವಾಗ ಕಿಟಕಿಯಾಚೆ ಆ ಮಗನು ಹಿಮದಲ್ಲಿ ಆಡುತ್ತಿರುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಪ್ರೇಕ್ಷಕನು ಎಲ್ಲಿ ನೋಡಬೇಕೆಂದು ನಿರ್ದೇಶಕನು ಬೆರಳಿಟ್ಟು ತೋರಿಸುವುದಿಲ್ಲ. ಕಾರಣವನ್ನೂ ಕಾರ್ಯವನ್ನೂ ಒಟ್ಟಿಗೆ ಇಟ್ಟು, ತೂಗುವ ಭಾರವನ್ನು ಪ್ರೇಕ್ಷಕನಿಗೇ ಬಿಡುತ್ತಾನೆ. ಒಬ್ಬನನ್ನು ಐವರು ಐದು ಬಗೆಯಲ್ಲಿ ಬಣ್ಣಿಸುವ ಕಥೆಗೆ ಇದಕ್ಕಿಂತ ಉಚಿತವಾದ ರೀತಿಯನ್ನು ಊಹಿಸುವುದು ಕಷ್ಟ. ಸಾಯುವಾಗ ಕೇನನು ಆಡಿದ ಮಾತಿಗೆ ಕೊನೆಯಲ್ಲಿ ಕೊಡುವ ವಿವರಣೆಯೊಂದೇ ಈ ಔಚಿತ್ಯಕ್ಕೆ ಭಂಗವನ್ನು ತರುತ್ತದೆ. ಅಷ್ಟು ದೂರ ಪ್ರೇಕ್ಷಕನನ್ನು ನಂಬಿದ ಕೃತಿಯು ಕಡೆಯಲ್ಲಿ ಒಗಟಿಗೆ ಒಂದೇ ಬೀಗದಕೈಯನ್ನು ಕೊಟ್ಟಂತೆ ತೋರುತ್ತದೆ. ವೆಲ್ಸ್‌ನೇ ಮುಂದೆ ಇದನ್ನು ಅಗ್ಗದ ಮನಶ್ಶಾಸ್ತ್ರವೆಂದು ಹಗುರವಾಗಿ ಕಂಡದ್ದುಂಟು.

೩

'ದಿ ಥರ್ಡ್ ಮ್ಯಾನ್' ಚಿತ್ರದ ಕಥೆ ಮತ್ತು ಸಂಭಾಷಣೆಗಳು ಇಂಗ್ಲಿಷ್ ಕಾದಂಬರಿಕಾರನಾದ ಗ್ರಹಾಂ ಗ್ರೀನನವು. ಎರಡನೆಯ ಮಹಾಯುದ್ಧದ ಅನಂತರ ವಿಯೆನ್ನಾ ನಗರವನ್ನು ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ರಷ್ಯಗಳೆಂಬ ನಾಲ್ಕು ರಾಷ್ಟ್ರಗಳು ಹಂಚಿಕೊಂಡು ಆಳುತ್ತಿದ್ದ ಕಾಲವದು. ಶಾಲೆಯ ದಿನಗಳಿಂದ ಗೆಳೆಯನಾದ ಹ್ಯಾರಿ ಲೈಮನು ಕರೆದನೆಂದು ಮಾರ್ಟಿನ್ಸನು ಅಮೆರಿಕೆಯಿಂದ ಅಲ್ಲಿಗೆ ಬರುತ್ತಾನೆ. ಬಂದಾಗ ಲೈಮನ ಶವಸಂಸ್ಕಾರವು ನಡೆಯುತ್ತಿರುತ್ತದೆ. ಲೈಮನು ಪೆನಿಸಿಲಿನ್ ಔಷಧವನ್ನು ಕದ್ದು, ನೀರು ಬೆರಸಿದಂತೆ ಸತ್ತ್ವಹೀನಗೊಳಿಸಿ ಮಾರಿದನೆಂದೂ, ಅದರಿಂದ ರೋಗಿಗಳೂ ಮಕ್ಕಳೂ ಕೆಟ್ಟರೆಂದೂ ಇಂಗ್ಲಿಷ್ ಅಧಿಕಾರಿಯಾದ ಕ್ಯಾಲೊವೆಯು ತಿಳಿಸುತ್ತಾನೆ. ಮಾರ್ಟಿನ್ಸನು ನಂಬುವುದಿಲ್ಲ, ಆಮೇಲೆ ನಂಬಬೇಕಾಗುತ್ತದೆ, ಅಷ್ಟರಲ್ಲಿ ಸತ್ತನೆಂದುಕೊಂಡವನು ಬದುಕಿರುವುದು ಗೊತ್ತಾಗುತ್ತದೆ.

ಲೈಮನ ಮಹತ್ವಾಕಾಂಕ್ಷೆಯು ಕೇನನದಕ್ಕಿಂತ ಕೆಳಮಟ್ಟದ್ದು. ಕೇನನಿಗೆ ಜನರ ಪ್ರೀತಿಯಾದರೂ ಬೇಕಾಗಿತ್ತು. ಲೈಮನಿಗೆ ಜನರೇ ಬೇಕಾಗಿಲ್ಲ. ಪ್ರಾಟರ್ ಉದ್ಯಾನದ ದೊಡ್ಡ ತಿರುಗುಚಕ್ರದಲ್ಲಿ ಕುಳಿತು ಗೆಳೆಯರು ಮೇಲೇರಿದಾಗ, ಕೆಳಗೆ ಓಡಾಡುವ ಜನರನ್ನು ಚುಕ್ಕೆಗಳೆಂದು ತೋರಿಸಿ, ಅವುಗಳಲ್ಲಿ ಒಂದು ಚಲಿಸದೆ ನಿಂತರೆ ಯಾರಿಗೆ ನಷ್ಟವೆಂದು ಅವನು ಕೇಳುತ್ತಾನೆ. ಎತ್ತರವು ಇಲ್ಲಿ ಉಪಮಾನವಲ್ಲ, ಕಣ್ಣಿಗೆ ಕಾಣುವ ಸಂಗತಿ. ಮೇಲೇರಿದವನಿಗೆ ಮನುಷ್ಯರು ಚುಕ್ಕೆಗಳಾಗುವರೆಂಬುದನ್ನು ಚಿತ್ರವು ಯಂತ್ರದ ಚಕ್ರವೊಂದರಿಂದಲೇ ಸಿದ್ಧಪಡಿಸಿಬಿಟ್ಟಿದೆ. ಇಷ್ಟಾದರೂ ಲೈಮನ ನಗುವಿನಲ್ಲಿ ಆಕರ್ಷಣೆಯಿದೆ. ಚಿತ್ರದ ಬಹುಭಾಗ ಕಳೆದ ಮೇಲೆ, ಕತ್ತಲೆಯ ಬಾಗಿಲೊಂದರಲ್ಲಿ ನಿಂತ ಅವನ ಕಾಲ ಬಳಿ ಬೆಕ್ಕೊಂದು ಸುಳಿದು, ಎದುರುಮನೆಯ ಕಿಟಕಿಯ ಬೆಳಕು ಅವನ ಮುಖದ ಮೇಲೆ ಬಿದ್ದಾಗ, ಅವನು ಸಿಕ್ಕಿಬಿದ್ದ ಹುಡುಗನಂತೆ ಮುಗುಳ್ನಗುತ್ತಾನೆ. ಬಾಲ್ಯದ ಗೆಳೆತನವು ಎಂತಹದೆಂಬುದಕ್ಕೆ ಆ ನಗುವೊಂದೇ ಪ್ರಮಾಣ. ಅದಿಲ್ಲದಿದ್ದರೆ ಮಾರ್ಟಿನ್ಸನ ತಳಮಳಕ್ಕೆ ಅರ್ಥವಿರುತ್ತಿರಲಿಲ್ಲ.

ಲೈಮನನ್ನು ಹಿಡಿದುಕೊಟ್ಟರೆ ಅವನ ಪ್ರೇಯಸಿಯಾದ ಆನಾಳನ್ನು ರಷ್ಯದವರ ವಶಕ್ಕೆ ಕೊಡದೆ ಕಳುಹಿಸಬಹುದೆಂದು ಮಾರ್ಟಿನ್ಸನು ಒಪ್ಪಂದ ಮಾಡಿಕೊಳ್ಳುತ್ತಾನೆ. ಆನಾ ಅದನ್ನು ತಿಳಿದು ತಿರಸ್ಕರಿಸುತ್ತಾಳೆ. ಲೈಮನ ಅಪರಾಧವನ್ನು ಅವಳು ಅಲ್ಲಗಳೆಯುವುದಿಲ್ಲ; ಆದರೆ ಒಬ್ಬನ ದೋಷವು ಗೊತ್ತಾದ ಮಾತ್ರಕ್ಕೆ ಅವನು ಬೇರೊಬ್ಬನಾಗುವುದಿಲ್ಲವೆಂಬುದು ಅವಳ ನಿಲುವು. ಕರ್ಣನ ಮಾದರಿಯನ್ನು ಬಲ್ಲ ಓದುಗನಿಗೆ ಅವಳ ಗುರುತು ಒಡನೆಯೇ ಸಿಕ್ಕುವುದು. ಮಾರ್ಟಿನ್ಸನು ಹಿಂಜರಿದಾಗ ಕ್ಯಾಲೊವೆಯು ಅವನನ್ನು ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ರೀಡನ ಸಂಯಮವು ಇಲ್ಲಿ ಗಮನಾರ್ಹವಾದುದು: ಆ ಮಕ್ಕಳಲ್ಲಿ ಒಂದನ್ನೂ ಅವನು ತೋರಿಸುವುದಿಲ್ಲ. ಹಾಸಿಗೆಯ ಅಂಚುಗಳು, ದಾದಿಯರ ಮುಖಗಳು, ಯಾರಿಗೂ ಬೇಡವಾಗಿ ಬಿದ್ದ ಒಂದು ಬೊಂಬೆಯ ಕರಡಿ, ಇಷ್ಟೇ ಕಾಣುತ್ತವೆ. ಚುಕ್ಕೆಗಳೆಂದು ಕರೆಯಿಸಿಕೊಂಡವರನ್ನು ಕಾಣಿಸದೆಯೇ ಅವರಿಗೆ ಮುಖಗಳನ್ನು ಕೊಟ್ಟಿರುವುದು ಈ ಚಿತ್ರದ ದೊಡ್ಡ ಸಿದ್ಧಿ.

ನಗರದ ಕೆಳಗಣ ಚರಂಡಿಗಳಲ್ಲಿ ನಡೆದ ಬೇಟೆಯ ಕೊನೆಯಲ್ಲಿ ಗಾಯಗೊಂಡ ಲೈಮನ ಬೆರಳುಗಳು ಕಬ್ಬಿಣದ ಜಾಲರಿಯ ಮೂಲಕ ಬೀದಿಯ ಗಾಳಿಗೆ ಚಾಚುತ್ತವೆ. ಮಾರ್ಟಿನ್ಸನು ಎದುರು ಬಂದಾಗ ಅವನು ತಲೆಯಾಡಿಸಿ ಸಮ್ಮತಿಯನ್ನು ಸೂಚಿಸುತ್ತಾನೆ. ಗುಂಡಿನ ಶಬ್ದವು ಮಾತ್ರ ಕೇಳುತ್ತದೆ. ಪ್ರಾರಂಭದಲ್ಲಿ ಸುಳ್ಳಾಗಿ ನಡೆದ ಶವಸಂಸ್ಕಾರವು ಈಗ ನಿಜವಾಗಿ ನಡೆಯುತ್ತದೆ. ಅನಂತರ ಸ್ಮಶಾನದ ನೀಳವಾದ ದಾರಿಯಲ್ಲಿ, ಎಲೆಗಳು ಉದುರುತ್ತಿರುವಾಗ, ಆನಾ ದೂರದಿಂದ ನಡೆದು ಬರುತ್ತಾಳೆ; ಕಾದು ನಿಂತ ಮಾರ್ಟಿನ್ಸನ ಕಡೆಗೆ ತಿರುಗಿಯೂ ನೋಡದೆ ಮುಂದೆ ಸಾಗಿಹೋಗುತ್ತಾಳೆ. ಗ್ರೀನನು ಈ ಕಥೆಯನ್ನು ಇಬ್ಬರ ಸಮಾಗಮದ ಸೂಚನೆಯೊಡನೆ ಮುಗಿಸಬೇಕೆಂದಿದ್ದನು, ರೀಡನು ಒಪ್ಪಲಿಲ್ಲ. ರೀಡನೇ ಸರಿಯೆಂದು ಗ್ರೀನನು ಮುಂದೆ ಬರಹದಲ್ಲಿ ಒಪ್ಪಿಕೊಂಡನು. ಈ ಒಂದು ನಿರ್ಧಾರದಿಂದ ಕೃತಿಯ ನೈತಿಕಸ್ವರೂಪವೇ ಬದಲಾಯಿತು. ಮಾರ್ಟಿನ್ಸನು ಮಾಡಿದ್ದು ನ್ಯಾಯವೆಂಬುದನ್ನು ಆಸ್ಪತ್ರೆಯು ಸ್ಥಾಪಿಸಿತು; ನ್ಯಾಯಕ್ಕಾಗಿ ಗೆಳೆಯನನ್ನು ಕೊಂದವನಿಗೆ ಬಹುಮಾನವಿಲ್ಲವೆಂಬುದನ್ನು ಆ ದಾರಿಯು ಸ್ಥಾಪಿಸಿತು. ಎರಡೂ ನಿಜವಾಗಿ ನಿಂತುವು.

ರೀಡನೂ ಛಾಯಾಗ್ರಾಹಕನಾದ ರಾಬರ್ಟ್ ಕ್ರಾಸ್ಕರನೂ ಬಳಸಿದ್ದು ಓರೆಯ ರೀತಿ. ಚೌಕಟ್ಟುಗಳು ವಾಲಿ ನಿಲ್ಲುತ್ತವೆ. ಮೆಟ್ಟಿಲು, ಬಾಗಿಲು, ಮುಖಗಳು ಸಮತಲವನ್ನು ಕಳೆದುಕೊಳ್ಳುತ್ತವೆ. ಇದನ್ನು ಕಂಡು ವಿಲಿಯಂ ವೈಲರನೆಂಬ ಸಮಕಾಲೀನ ನಿರ್ದೇಶಕನು ರೀಡನಿಗೆ ಮಟ್ಟಗೋಲೊಂದನ್ನು ಕಾಣಿಕೆಯಾಗಿ ಕಳುಹಿಸಿದನೆಂಬ ವಿನೋದವು ಪ್ರಸಿದ್ಧವಾಗಿದೆ. ಆ ವಿನೋದದಲ್ಲಿ ವಿಮರ್ಶೆಯ ಅಂಶವೂ ಉಂಟು. ಕೆಲವು ಕಡೆ ಓರೆಯು ಅರ್ಥದಿಂದ ಹುಟ್ಟದೆ ಅಭ್ಯಾಸದಿಂದ ಹುಟ್ಟಿದೆ. ಆದರೆ ಕೊನೆಯ ದಾರಿಯನ್ನು ರೀಡನು ನೇರವಾಗಿ, ನಿಶ್ಚಲವಾಗಿ, ಕತ್ತರಿಸದೆ ಚಿತ್ರಿಸಿರುವುದನ್ನು ನೋಡಿದರೆ ಹಿಂದಿನ ಓರೆಗಳಿಗೆ ಒಂದು ಪ್ರಯೋಜನವು ಕಾಣುತ್ತದೆ. ಸಂದೇಹವಿದ್ದಷ್ಟು ಕಾಲ ಲೋಕವು ವಾಲಿತ್ತು; ಎಲ್ಲವೂ ತಿಳಿದ ಮೇಲೆ ನೇರವಾಯಿತು; ನೇರವಾದ ಲೋಕದಲ್ಲಿ ಮಾರ್ಟಿನ್ಸನು ಒಬ್ಬನೇ ಉಳಿದನು.

೪

'ನಾಯಕ್' ಚಿತ್ರದ ಕಥೆಯನ್ನು ರಾಯ್ ಅವರೇ ಬರೆದರು. ಜನಪ್ರಿಯ ನಟನಾದ ಅರಿಂದಮ್ ಮುಖರ್ಜಿಯು ಪ್ರಶಸ್ತಿಯೊಂದನ್ನು ಸ್ವೀಕರಿಸುವುದಕ್ಕಾಗಿ ಕಲ್ಕತ್ತೆಯಿಂದ ದೆಹಲಿಗೆ ರೈಲಿನಲ್ಲಿ ಹೊರಡುತ್ತಾನೆ. ಆ ಪಾತ್ರವನ್ನು ವಹಿಸಿದ ಉತ್ತಮಕುಮಾರರು ಬಂಗಾಳದಲ್ಲಿ ಆ ಕಾಲಕ್ಕೆ ಅಂತಹುದೇ ಕೀರ್ತಿಯನ್ನು ಪಡೆದವರಾಗಿದ್ದರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಥೆಯು ರಚಿತವಾಯಿತು. ಶರ್ಮಿಳಾ ಠಾಗೋರರು ವಹಿಸಿದ ಅದಿತಿಯ ಪಾತ್ರವು ಅದೇ ರೈಲಿನಲ್ಲಿ ಪ್ರಯಾಣ ಮಾಡುತ್ತದೆ. ತಾರೆಯರ ವಿಷಯದಲ್ಲಿ ಅವಳಿಗೆ ಆದರವಿಲ್ಲ. ತನ್ನ 'ಆಧುನಿಕಾ' ಪತ್ರಿಕೆಯ ಪ್ರಸಾರವು ಹೆಚ್ಚೀತೆಂದು ಮಾತ್ರ ಅವನನ್ನು ಪ್ರಶ್ನಿಸಲು ತೊಡಗುತ್ತಾಳೆ.

ಇಲ್ಲಿ ಮಹತ್ವಾಕಾಂಕ್ಷೆಯು ಕಳೆದುಕೊಂಡ ಗೆಳೆತನಗಳು ಒಂದಲ್ಲ, ಹಲವು. ರಂಗಭೂಮಿಯಲ್ಲಿ ಅರಿಂದಮನಿಗೆ ಗುರುಸಮಾನರಾಗಿದ್ದ ಶಂಕರದಾ ಚಲಚ್ಚಿತ್ರವನ್ನು ಹಗುರವಾಗಿ ಕಂಡವರು. ಅವರು ಸತ್ತ ಮೇಲೆ ಅರಿಂದಮನು ಅವರಿಗೆ ಬೇಡವಾಗಿದ್ದ ದಾರಿಯನ್ನೇ ಹಿಡಿದನು. ಹಿರಿಯ ನಟನಾದ ಮುಕುಂದ ಲಾಹಿರಿಯು ಮೊದಲನೆಯ ದಿನವೇ ಅವನನ್ನು ಅವಮಾನಪಡಿಸಿದನು. ಕಾಲಚಕ್ರವು ತಿರುಗಿ ಆ ಮುದುಕನು ಚಿಕ್ಕ ಪಾತ್ರವೊಂದನ್ನು ಬೇಡಿ ಬಂದಾಗ ಅರಿಂದಮನು ಬರಿಗೈಯಲ್ಲಿ ಕಳುಹಿಸಿದನು. ಎಲ್ಲಕ್ಕಿಂತ ತೀಕ್ಷ್ಣವಾದುದು ಬೀರೇಶನ ಪ್ರಕರಣ. ಕಾರ್ಮಿಕರ ನಡುವೆ ಕೆಲಸಮಾಡುವ ಈ ಹಳೆಯ ಗೆಳೆಯನು ಮುಷ್ಕರಹೂಡಿದ ಕಾರ್ಮಿಕರ ಬಳಿಗೆ ಅರಿಂದಮನನ್ನು ಕರೆದೊಯ್ದು, ಎರಡು ಮಾತನಾಡೆಂದು ಕೇಳುತ್ತಾನೆ. ಅರಿಂದಮನು ಕಾರಿನಿಂದ ಇಳಿಯಲೂ ಹೆದರಿ ಹೊರಟುಹೋಗುತ್ತಾನೆ. ಅವನಿಗೆ ಆ ಜನರ ಮೇಲೆ ದ್ವೇಷವಿಲ್ಲ. ತನ್ನ ಹೆಸರಿಗೆ ಕುಂದು ಬಂದೀತೆಂಬ ಭಯವೊಂದೇ. ದ್ರುಪದನ ಗರ್ವಕ್ಕೂ ಈ ಭಯಕ್ಕೂ ಇರುವ ವ್ಯತ್ಯಾಸವನ್ನು ಎಣಿಸಬೇಕು. ದ್ರುಪದನು ತನ್ನ ಸಿಂಹಾಸನವು ತನ್ನದೆಂದು ನಂಬಿ ಗೆಳೆಯನನ್ನು ತಳ್ಳಿದನು. ಅರಿಂದಮನು ತನ್ನ ಸಿಂಹಾಸನವು ಪ್ರೇಕ್ಷಕರ ಕೈಯಲ್ಲಿದೆಯೆಂದು ನಡುಗುತ್ತ ತಳ್ಳಿದನು. ಒಂದು ಕ್ಷತ್ರಿಯನ ದೋಷ, ಮತ್ತೊಂದು ಜನಪ್ರಿಯತೆಯ ಯುಗದ ದೋಷ.

ಕಳೆದುಹೋದ ಈ ಗೆಳೆಯರೆಲ್ಲರ ಸ್ಥಾನವನ್ನು ಒಂದು ದಿನದ ಮಟ್ಟಿಗೆ ಅದಿತಿಯು ತುಂಬುತ್ತಾಳೆ. ಅರಿಂದಮನು ಅವಳಿಗೆ ಹೇಳುವುದು ವಾಸ್ತವವಾಗಿ ಅವರಿಗೆ ಹೇಳಬೇಕಾಗಿದ್ದ ಮಾತುಗಳನ್ನು. ಅವಳು ಮೊದಮೊದಲು ಗುಟ್ಟಾಗಿ ಬರೆದುಕೊಳ್ಳುತ್ತಾಳೆ. ಕೇಳುತ್ತ ಹೋದಂತೆ ಅವಳ ಲೇಖನಿಯು ನಿಧಾನವಾಗುತ್ತದೆ. ರಾತ್ರಿ ಕುಡಿದ ಅರಿಂದಮನು ಓಡುವ ರೈಲಿನ ಬಾಗಿಲ ಬಳಿ ನಿಂತಾಗ ಅವನನ್ನು ಒಳಕ್ಕೆ ಕಳುಹಿಸುವವಳೂ ಅವಳೇ. ಬೆಳಗ್ಗೆ ಅವಳು ತಾನು ಬರೆದುಕೊಂಡ ಹಾಳೆಗಳನ್ನು ಅವನ ಎದುರಿನಲ್ಲಿ ಹರಿದುಹಾಕುತ್ತಾಳೆ. ನೆನಪಿನಿಂದ ಬರೆಯುವೆಯಾ ಎಂಬರ್ಥದ ಪ್ರಶ್ನೆಗೆ, ಮನಸ್ಸಿನಲ್ಲಿಯೇ ಇಟ್ಟುಕೊಳ್ಳುವೆನೆಂಬ ಅರ್ಥದ ಉತ್ತರವು ಬರುತ್ತದೆ. ದೆಹಲಿಯ ನಿಲ್ದಾಣದಲ್ಲಿ ಹೂಮಾಲೆಗಳು ಅವನನ್ನು ಮುತ್ತಿಕೊಳ್ಳುತ್ತವೆ. ಅವನು ಮತ್ತೆ ಕಪ್ಪು ಕನ್ನಡಕವನ್ನು ಧರಿಸಿದ್ದಾನೆ. ಅವಳು ತನ್ನವರೊಡನೆ ಜನಸಂದಣಿಯಲ್ಲಿ ಸೇರಿಹೋಗುತ್ತಾಳೆ.

ರಾಯ್ ಅವರ ರೀತಿಯನ್ನು ಸಾಮೀಪ್ಯದ ರೀತಿಯೆನ್ನಬಹುದು. ಬಂಸಿ ಚಂದ್ರಗುಪ್ತರು ರೈಲಿನ ಒಳಭಾಗವನ್ನು ಚಿತ್ರಶಾಲೆಯಲ್ಲಿ ನಿರ್ಮಿಸಿದರು. ಸುಬ್ರತ ಮಿತ್ರರು ಛಾಯಾಗ್ರಾಹಕರು. ರಾಯ್ ಅವರೊಡನೆ ಮಿತ್ರರು ಮಾಡಿದ ಕೊನೆಯ ಕೆಲಸವಿದು. ಇಕ್ಕಟ್ಟಾದ ಡಬ್ಬಿಯಲ್ಲಿ ಯಾರೂ ಯಾರಿಂದಲೂ ದೂರ ಸರಿಯುವಂತಿಲ್ಲ. ವೆಲ್ಸ್‌ನ ಚಿತ್ರದಲ್ಲಿ ಕಚೇರಿಯ ಉದ್ದವು ಗೆಳೆಯರ ನಡುವಣ ದೂರವಾದಂತೆ, ಇಲ್ಲಿ ಊಟದ ಮೇಜಿನ ಅಗಲವೇ ಮೈತ್ರಿಯ ಅಳತೆ. ಕನ್ನಡಕಗಳ ಬಳಕೆಯೂ ಸಾರ್ಥಕವಾದುದು: ಅವನ ಕಪ್ಪು ಗಾಜು ಲೋಕವು ಅವನನ್ನು ಕಾಣದಂತೆ ಮಾಡುವುದಕ್ಕೆ, ಅವಳ ದಪ್ಪ ಚೌಕಟ್ಟಿನ ಗಾಜು ಅವಳು ಲೋಕವನ್ನು ಕಾಣುವುದಕ್ಕೆ. ಇಷ್ಟು ಸೂಕ್ಷ್ಮವಾದ ಕೃತಿಯಲ್ಲಿ ನೋಟಿನ ರಾಶಿಯೊಳಗೆ ನಾಯಕನು ಮುಳುಗುವ ಕನಸು ಸ್ವಲ್ಪ ಒರಟಾಗಿ ತೋರುವುದು ಸಹಜ. ಅಲ್ಲಿ ವ್ಯಂಗ್ಯವಾಗಿರಬೇಕಾದ ಅರ್ಥವು ವಾಚ್ಯವಾಗಿಬಿಟ್ಟಿದೆ. ಆದರೆ ಮುಳುಗುವವನ ಕೈಯನ್ನು ಹಿಡಿಯದೆ ನಿಲ್ಲುವವರು ಶಂಕರದಾ ಎಂಬುದು ಆ ಒರಟುತನವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

೫

ಮೂರು ಕೃತಿಗಳನ್ನೂ ಹೀಗೆ ಎದುರುಬದುರಾಗಿ ಇಟ್ಟಾಗ, ರೀತಿಯೆಂಬುದು ಮೇಲಿನ ಅಲಂಕಾರವಲ್ಲವೆಂಬ ಹಳೆಯ ಮಾತು ಹೊಸ ಬೆಂಬಲವನ್ನು ಪಡೆಯುತ್ತದೆ. ವಾಮನನು ಕಾವ್ಯದಲ್ಲಿ ರೀತಿಗೆ ಆತ್ಮದ ಪದವಿಯನ್ನು ಕೊಟ್ಟಾಗ ಮುಂದಿನ ಆಲಂಕಾರಿಕರು ಅದನ್ನು ಒಪ್ಪಲಿಲ್ಲ. ಆದರೆ ಚಲಚ್ಚಿತ್ರದ ವಿಷಯದಲ್ಲಿ ಆ ಮತವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಇಲ್ಲಿ ನೋಡುವ ಬಗೆಯೇ ತೀರ್ಪಿನ ಬಗೆಯಾಗುತ್ತದೆ. ಆಳದಲ್ಲಿ ನೋಡಿದ ವೆಲ್ಸ್‌ನಿಗೆ ಗೆಳೆಯರಿಬ್ಬರ ತಪ್ಪೂ ಒಂದೇ ಚೌಕಟ್ಟಿನಲ್ಲಿ ಕಂಡಿತು. ತೀರ್ಪು ಅರ್ಧಕ್ಕೆ ನಿಂತಿತು. ಓರೆಯಾಗಿ ನೋಡಿ ಕಡೆಗೆ ನೇರವಾದ ರೀಡನಿಗೆ ತೀರ್ಪು ಪೂರ್ಣವಾಯಿತು, ಅದರ ಬೆಲೆಯೂ ಪೂರ್ಣವಾಯಿತು. ಹತ್ತಿರದಿಂದ ನೋಡಿದ ರಾಯ್ ಅವರಿಗೆ ತೀರ್ಪು ಕೊಡುವ ಅಧಿಕಾರದ ಮೇಲೆಯೇ ಸಂದೇಹ ಬಂದಿತು.

ರೀತಿಯು ನಿರ್ದೇಶಕನೊಬ್ಬನ ಸೊತ್ತೇ ಎಂಬ ಪ್ರಶ್ನೆಯೂ ಮೈತ್ರಿಯ ವಿಚಾರಕ್ಕೆ ಸೇರಿದ್ದು. 'ಕೇನ್'ನ ಚಿತ್ರಕಥೆಗೆ ಹರ್ಮನ್ ಮ್ಯಾಂಕೀವಿಟ್ಸ್, ವೆಲ್ಸ್ ಇಬ್ಬರ ಹೆಸರಿನಲ್ಲಿಯೂ ಆಸ್ಕರ್ ಪ್ರಶಸ್ತಿಯು ಬಂದಿತು. ಅದರ ಶ್ರೇಯಸ್ಸು ಹೆಚ್ಚಾಗಿ ಮ್ಯಾಂಕೀವಿಟ್ಸನಿಗೇ ಸಲ್ಲಬೇಕೆಂದು ೧೯೭೧ರಲ್ಲಿ ಪಾಲಿನ್ ಕೇಲ್ ಎಂಬ ವಿಮರ್ಶಕಿಯು ವಾದಿಸಿದಳು. ರಾಬರ್ಟ್ ಕ್ಯಾರಿಂಜರನೆಂಬ ವಿದ್ವಾಂಸನು ಕರಡುಪ್ರತಿಗಳನ್ನು ಹೋಲಿಸಿ ಇಬ್ಬರ ಪಾಲೂ ಅದರಲ್ಲಿ ಉಂಟೆಂದು ತೋರಿಸಿದನು. ಅದೇ ವೆಲ್ಸ್‌ನು ಛಾಯಾಗ್ರಾಹಕನ ಹೆಸರನ್ನು ತನ್ನ ಹೆಸರಿನೊಡನೆ ಒಂದೇ ಫಲಕದಲ್ಲಿ ಹಾಕಿಸಿದನೆಂಬುದನ್ನೂ ಮರೆಯಬಾರದು. 'ಥರ್ಡ್ ಮ್ಯಾನ್'ನಲ್ಲಿ ಲೈಮನು ಚಕ್ರದಿಂದ ಇಳಿದು ಆಡುವ ಪ್ರಸಿದ್ಧವಾದ ಕೋಗಿಲೆ ಗಡಿಯಾರದ ಮಾತು ವೆಲ್ಸ್‌ನದೆಂದು ಗ್ರೀನನು ಹೇಳಿದನು. ಬಹುಜನರ ಶಕ್ತಿಯಿಂದ ಆಗುವ ಈ ಕಲೆಯಲ್ಲಿ ಮೇಲೇರಿದವನು ತನ್ನೊಡನೆ ಏರಿದವರನ್ನು ನೆನೆಯುವನೇ ಎಂಬುದು ಕಥೆಯ ಹೊರಗೂ ನಿಲ್ಲುವ ಪ್ರಶ್ನೆ.

ವಿಮರ್ಶೆಯನ್ನೂ ಬೋಧನೆಯನ್ನೂ ವೃತ್ತಿಯಾಗಿ ಉಳ್ಳವರಿಗೆ ಈ ಮೂರು ಸಾಕ್ಷಿಗಳ ಕಥೆಯು ಬರಿಯ ಕಥೆಯಲ್ಲ. ಸಂಸ್ಕೃತದಲ್ಲಿ ಗೆಳೆಯನಿಗೆ ಸುಹೃತ್ತೆಂದೂ ಕಾವ್ಯವನ್ನು ಬಲ್ಲ ಓದುಗನಿಗೆ ಸಹೃದಯನೆಂದೂ ಹೆಸರು. ಎರಡರಲ್ಲಿಯೂ ಇರುವುದು ಹೃದಯವೇ. ಕೃತಿಯ ಮೇಲೆ ಪ್ರೀತಿಯಿಲ್ಲದವನು ಅದರ ಮರ್ಮವನ್ನು ಕಾಣಲಾರನು; ಪ್ರೀತಿಯುಳ್ಳವನು ಕಂಡದ್ದನ್ನು ಹೇಳಲು ಹಿಂಜರಿಯುವನು. ಲೇಲೆಂಡನು ಎಡವಿದ್ದು ಇಲ್ಲಿಯೇ. ಅದಿತಿಯು ಹಾಳೆಗಳನ್ನು ಹರಿದದ್ದನ್ನು ಹೊಗಳುವವರು, ಅವಳು ಹರಿದದ್ದು ಒಬ್ಬ ಮನುಷ್ಯನ ಗುಟ್ಟನ್ನು, ಒಂದು ಕೃತಿಯ ಮೌಲ್ಯವನ್ನಲ್ಲ ಎಂಬುದನ್ನು ಗಮನಿಸಬೇಕು. ಸೂಸನಳ ಹಾಡು ಸಾವಿರಾರು ಜನರ ಮುಂದೆ ಹಾಡಿದ್ದು. ಅದರ ವಿಷಯವಾಗಿ ನಿಜವನ್ನು ಬರೆಯುವುದು ವಿಮರ್ಶಕನ ಕರ್ತವ್ಯವಾಗಿತ್ತು. ಅರಿಂದಮನ ಮಾತು ಒಬ್ಬಳ ಮುಂದೆ ಆಡಿದ್ದು. ಅದನ್ನು ಕಾಪಾಡುವುದು ಗೆಳತಿಯ ಕರ್ತವ್ಯವಾಗಿತ್ತು. ಲೈಮನ ಕೃತ್ಯವಾದರೋ ಮಕ್ಕಳ ಪ್ರಾಣಕ್ಕೆ ಸಂಬಂಧಪಟ್ಟದ್ದು. ಅಲ್ಲಿ ಮೌನಕ್ಕೆ ಎಡೆಯೇ ಇರಲಿಲ್ಲ. ಹೀಗೆ ಮೂರು ಸಂದರ್ಭಗಳೂ ಮೂರು ಬೇರೆ ಬೇರೆ ನಡೆಗಳನ್ನು ಕೇಳುತ್ತವೆ. ಮೈತ್ರಿಯಲ್ಲಿ ಸತ್ಯಕ್ಕೆ ಎಷ್ಟು ಸ್ಥಾನವೆಂಬುದಕ್ಕೆ ಒಂದೇ ಸೂತ್ರವನ್ನು ಹುಡುಕುವುದಕ್ಕಿಂತ, ಆಡಿದ ಮಾತು ಯಾರ ಎದುರಿನದು, ಮಾಡಿದ ಕೆಲಸದ ಫಲವು ಯಾರ ಪಾಲಿನದು ಎಂದು ಮೊದಲು ವಿವೇಚಿಸುವುದು ಲೇಸು. ತರಗತಿಯಲ್ಲಿ ಈ ಚಿತ್ರಗಳನ್ನು ಪಂಪನ ಕರ್ಣನ ಪಕ್ಕದಲ್ಲಿಟ್ಟು ಚರ್ಚಿಸುವ ಅಧ್ಯಾಪಕನಿಗೆ ಈ ವಿವೇಚನೆಯು ಹಳೆಯ ಕಾವ್ಯಕ್ಕೂ ಹೊಸ ಕಲೆಗೂ ಸಮನಾಗಿ ಉಪಯೋಗಕ್ಕೆ ಬರುವುದು.